ಪುಡಿಗಾಸಿನ ಮಾತು

ಸಂಬಳ ಸ್ವಲ್ಪವೇ ಏರಿದರೆ ನಮ್ಮ ಸಾಫ್ಟ್‌ವೇರ್ ಆಫೀಸುಗಳಲ್ಲಿ ‘ಪೀನಟ್ಸ್’ ಅಂತಾರೆ. ನಮ್ಮ ಸೋಂಪುರದಲ್ಲಿ ಅದಕ್ಕೆ ‘ಪುಡಿಗಾಸು’. ಅಮೆರಿಕದವರ ‘ಟೂ ಬಿಟ್ಸ್’ ಅಂದರೆ ಕಾಲು ಡಾಲರ್, ನಮ್ಮ ನಾಲ್ಕಾಣೆ ಕಾಲು ರೂಪಾಯಿ ಆದ ಹಾಗೆ. ಅಲ್ಲಿ ‘ಟೂ ಬಿಟ್’ ಅಂದರೆ ಕೀಳು. ಇಲ್ಲಿ ‘ಮೂರು ಕಾಸಿನವನು’ ಅನ್ನೋದು ಬೈಗುಳ.

1957ರಲ್ಲಿ ರೂಪಾಯಿಗೆ 16 ಆಣೆಯ ಲೆಕ್ಕ ಹೋಗಿ 100 ಪೈಸೆ ಬಂತು. 2011ರ ಜೂನ್ 30ರ ನಂತರ 25 ಪೈಸೆಯೂ ಚಲಾವಣೆಯಲ್ಲಿಲ್ಲ. ಆದರೂ ನಿಜ ಇವತ್ತಿಗೂ ‘ಹದಿನಾರಾಣೆ ನಿಜ’ವೇ, ಖಾಲಿ ಜೇಬಲ್ಲಿ ‘ಬಿಡಿಗಾಸೂ’ ಇರಲ್ಲ.

ಮಾತು ಉಳಿಯಲಿ, ಚೆಂದ. ಆದರೆ ಆಡೋ ಮುಂಚೆ ಪಕ್ಕದಲ್ಲಿ ಯಾರಿದ್ದಾರೆ ನೋಡ್ಕೊಳ್ಳೋಣ. ನಾವು ‘ಪೀನಟ್ಸ್’ ಅಂದ ಮೊತ್ತ ಇಲ್ಲಿನ ಕೈಗಾರಿಕಾ ಪ್ರದೇಶದ ಗುತ್ತಿಗೆ ಕಾರ್ಮಿಕರ ಮನೆಗೆ ಒಂದು ತಿಂಗಳ ದಿನಸಿ.