ಕೆಟ್ಟ ಬ್ಯಾಟರಿಯ ಕಾರು ದಾಸೋಹವಾಗದು



ನಮ್ಮ ಭಾಗದ ಒಂದು ಮಠದ ಉಚಿತ ಪ್ರಸಾದ ನಿಲಯಕ್ಕೆ ಭಕ್ತರೊಬ್ಬರು ತಮ್ಮ ಹಳೆಯ ವಿದ್ಯುತ್ ಕಾರನ್ನು ಸಮರ್ಪಿಸಿದರು. ಕಾರಿಗೆ ಹೂಮಾಲೆ ಹಾಕಿದೆವು, ದಾನಿಗಳಿಗೆ ಶಾಲು ಹೊದಿಸಿದೆವು. ಆ ವೇದಿಕೆಯ ಮೇಲೆ ನಾನೂ ಕೂತಿದ್ದೆ, ಚಪ್ಪಾಳೆಯನ್ನೂ ತಟ್ಟಿದೆ. ವಾರ ಕಳೆಯುವುದರೊಳಗೆ, ಜ್ವರ ಬಂದ ಹುಡುಗನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವಾಗ ಆ ಕಾರು ನಡುದಾರಿಯಲ್ಲಿ ನಿಂತಿತು. ಹುಡುಗ ಆಸ್ಪತ್ರೆ ಮುಟ್ಟಿದ್ದು ಹಾಲಿನ ಗಾಡಿಯಲ್ಲಿ. ಬ್ಯಾಟರಿ ಸವೆದು ಹೋಗಿದೆ, ಹೊಸದು ಹಾಕಿಸಲು ಲಕ್ಷಗಟ್ಟಲೆ ಬೇಕು ಎಂದರು ಮೆಕ್ಯಾನಿಕ್. ಈಗ ಅದು ಟಾರ್ಪಾಲು ಹೊದ್ದು ಕೊಟ್ಟಿಗೆಯ ಪಕ್ಕ ನಿಂತಿದೆ. ಗಾಜಿನ ಮೇಲೆ ಬರೆಸಿದ ದಾನಿಗಳ ಹೆಸರು ಮಾತ್ರ ಇನ್ನೂ ಮಾಸಿಲ್ಲ.

ಇದನ್ನು ದಾಸೋಹ ಎನ್ನೋಣವೇ? ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಬಸವಾದಿ ಶರಣರು ಈ ಮೇಲು ಕೀಳನ್ನು ಅಳಿಸಿ ದಾಸೋಹವನ್ನು ಕಟ್ಟಿದರು. ದಾಸೋಹದಲ್ಲಿ ಕೊಡುವವನೇ ದಾಸ. ರೈತ ಮಠಕ್ಕೆ ಚೀಲ ಹೊತ್ತು ತರುವಾಗ ರಾಶಿಯ ಒಳ್ಳೆಯ ಕಾಳು ತರುತ್ತಾನೆ, ಜೊಳ್ಳು ತರುವುದಿಲ್ಲ. ಕಾರಿನ ವಿಷಯ ಬಂದಾಗ ಮಾತ್ರ ನಮಗೆ ಜೊಳ್ಳು ನಡೆಯುತ್ತದೆಯೇ?

ಪೆಟ್ರೋಲ್ ಕಾರು ಹಳೆಯದಾದರೆ ಊರಿನ ಗ್ಯಾರೇಜಿನಲ್ಲಿ ಹೇಗೋ ರಿಪೇರಿಯಾಗುತ್ತದೆ. ವಿದ್ಯುತ್ ಕಾರಿನ ಲೆಕ್ಕ ಬೇರೆ. ಅದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗ ಬ್ಯಾಟರಿ, ಸವೆಯುವುದೂ ಅದೇ. ಹೊಸದರಲ್ಲಿ 200 ಕಿ.ಮೀ. ಓಡುತ್ತಿದ್ದ ಕಾರು, ಬ್ಯಾಟರಿಯ ಸಾಮರ್ಥ್ಯ ಶೇ. 70ಕ್ಕೆ ಇಳಿದಾಗ ಸುಮಾರು 140 ಕಿ.ಮೀ. ಓಡೀತು. ಬಿಸಿಲಿನ ಝಳ, ಪದೇ ಪದೇ ಮಾಡುವ ವೇಗದ ಚಾರ್ಜಿಂಗ್, ಪೂರ್ತಿ ಬರಿದಾದ ಮೇಲೆ ತಿಂಗಳುಗಟ್ಟಲೆ ನಿಲ್ಲಿಸಿಬಿಡುವುದು, ಇವೆಲ್ಲ ಸವೆತವನ್ನು ಹೆಚ್ಚಿಸುತ್ತವೆ. ಅನೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಖಾತರಿ ಕೊಡುತ್ತವೆ. ಕೆಲವು ಖಾತರಿಗಳು ಮೊದಲ ಮಾಲೀಕರಿಗಷ್ಟೇ ಸಲ್ಲುತ್ತವೆ. ಖಾತರಿ ತೀರಿದ ಮರುದಿನವೇ ನಮ್ಮೊಳಗೆ ಧರ್ಮಬುದ್ಧಿ ಹುಟ್ಟುವುದಾದರೆ ಅದನ್ನು ಅನುಮಾನಿಸಲೇಬೇಕು.

ಇದು ಕನ್ನಡ ನಾಡಿಗೆ ಹೊಸ ಪಾಠವಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾದ ರೇವಾ ಕಾರು ರಸ್ತೆಗಿಳಿಯಿತು. ಅದರಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ. ಕೆಲವು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂಬುದು ಇಟ್ಟುಕೊಂಡವರಿಗೆಲ್ಲ ಗೊತ್ತಿತ್ತು. ಬಳಸಿದವರಿಗೆ ಗೊತ್ತಿರುವ ಈ ಸತ್ಯವನ್ನು ಕೊಡುವಾಗ ಮುಚ್ಚಿಡುವುದು ಮರೆವಲ್ಲ, ವಂಚನೆ.

ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಿರಿ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ಸುರಿದು ಬರಲು ಹೇಳಿದ ತಾಯಿ ಅವರು. ಒಳ್ಳೆಯ ಅಕ್ಕಿಯನ್ನೇ, ಬೇಡವಾದದ್ದೆಂದು ಹಿಂದಿರುಗಿಸಿದರು. ನಾವೋ ಕೆಟ್ಟದ್ದನ್ನೂ ಮಾಲೆ ಹಾಕಿ ಒಳಗೆ ಕರೆದುಕೊಳ್ಳುತ್ತೇವೆ!

"ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ" ಎನ್ನುವವರಿದ್ದಾರೆ. ಓಡದ ಕಾರಿಗೂ ಜಾಗ ಬೇಕು, ವಿಮೆ ಬೇಕು, ಕಾವಲು ಬೇಕು. ಆ ಖರ್ಚು ಮಕ್ಕಳ ತಟ್ಟೆಯಿಂದ ಹೋಗುತ್ತದೆ. "ಪರಿಸರಕ್ಕೆ ಒಳ್ಳೆಯದಲ್ಲವೇ" ಎನ್ನುವವರೂ ಇದ್ದಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿ ಮುಗಿದ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಮಠದ ಕೊಟ್ಟಿಗೆಯ ಮೇಲಲ್ಲ. ಇನ್ನು ಕೆಲವರು ಕಾರಿನ ಬೆಲೆಗೆ ತೆರಿಗೆ ವಿನಾಯಿತಿಯ ರಸೀದಿ ಕೇಳುತ್ತಾರೆ. ಆ ವಿನಾಯಿತಿ ಇರುವುದು ಹಣದ ರೂಪದ ದೇಣಿಗೆಗೆ ಮಾತ್ರ, ವಸ್ತುವಿಗಲ್ಲ. ಅಂಥ ರಸೀದಿ ಬರೆದುಕೊಡುವ ಕಾರ್ಯದರ್ಶಿ ಮಠವನ್ನೇ ಸಿಕ್ಕಿಸುತ್ತಾರೆ.

ವಿದ್ಯುತ್ ಕಾರನ್ನು ಕೊಡಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಪ್ರಸಾದ ನಿಲಯದ ಓಡಾಟ ಸಂತೆ, ಆಸ್ಪತ್ರೆ, ಶಾಲೆ ಇಷ್ಟೇ. ದೂರ ಕಡಿಮೆ, ದಾರಿ ಗೊತ್ತಿದ್ದದ್ದು, ರಾತ್ರಿ ಮಠದಲ್ಲೇ ನಿಲ್ಲುವ ಗಾಡಿ. ಬ್ಯಾಟರಿ ಗಟ್ಟಿಯಿದ್ದರೆ ಇದಕ್ಕಿಂತ ಒಪ್ಪುವ ವಾಹನ ಇನ್ನೊಂದಿಲ್ಲ. ಹಾಗಾದರೆ ಕೊಡುವ ಮೊದಲು ಬ್ಯಾಟರಿಯ ಸಾಮರ್ಥ್ಯವನ್ನು ಪರೀಕ್ಷಿಸಿ ವರದಿಯನ್ನು ಜೊತೆಗಿಡಿ. ಚಾರ್ಜರ್ ಕೊಡಿ, ಮಠದಲ್ಲಿ ಸರಿಯಾದ ಅರ್ಥಿಂಗ್ ಇರುವ ಪ್ಲಗ್ ಹಾಕಿಸಿ. ನಮೂನೆ 29 ಮತ್ತು 30 ತುಂಬಿ ಆರ್.ಸಿ.ಯನ್ನು ಸಂಸ್ಥೆಯ ಹೆಸರಿಗೆ ಮಾಡಿಸಿ, ವಿಮೆಯನ್ನೂ ವರ್ಗಾಯಿಸಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಇಷ್ಟು ಮಾಡಲಾಗದಿದ್ದರೆ ಕಾರನ್ನು ಇದ್ದ ಸ್ಥಿತಿ ಹೇಳಿ ಮಾರಿ, ಬಂದ ಹಣ ಕೊಡಿ. ಆ ಹಣದಲ್ಲಿ ಅಕ್ಕಿ ಬಂದೀತು, ಪುಸ್ತಕ ಬಂದೀತು.

ಮಠಗಳ ಆಡಳಿತ ಮಂಡಳಿಯವರಲ್ಲೂ ಒಂದು ಮಾತು. ದಾನಿ ದೊಡ್ಡವರೆಂದು ಬಾಯಿ ಕಟ್ಟಿಕೊಂಡು ಕೂರಬೇಡಿ. "ಮೊದಲು ಗಾಡಿ ನೋಡುತ್ತೇವೆ, ಆಮೇಲೆ ಸ್ವೀಕರಿಸುತ್ತೇವೆ" ಎನ್ನುವುದು ಅಹಂಕಾರವಲ್ಲ. ಪ್ರಸಾದ ನಿಲಯದ ಮಕ್ಕಳ ಪರವಾಗಿ ಹೇಳಬೇಕಾದ ಮಾತು ಅದು. ಅಂದು ವೇದಿಕೆಯ ಮೇಲೆ ನಾನು ಆ ಮಾತು ಹೇಳಲಿಲ್ಲ. ಅದರ ಬೆಲೆ ತೆತ್ತದ್ದು ನಾನಲ್ಲ, ದಾನಿಯೂ ಅಲ್ಲ, ಜ್ವರದಲ್ಲಿ ರಸ್ತೆ ಬದಿ ಕೂತ ಆ ಹುಡುಗ.

ನಮ್ಮ ಸ್ವಂತ ಮಗುವನ್ನು ರಾತ್ರಿ ಹೊತ್ತು ಕೂರಿಸಿ ಕಳಿಸಲು ಯಾವ ಕಾರಿನಲ್ಲಿ ಧೈರ್ಯ ಬರುವುದಿಲ್ಲವೋ, ಆ ಕಾರನ್ನು ಮಠದ ಬಾಗಿಲಿಗೆ ತರಬಾರದು.