ನಮ್ಮ ಕೈತೋಟ: ಬೇಸಿಗೆಯಲ್ಲಿ ಅಜೇಲಿಯಾ

ಚಳಿಗಾಲದಲ್ಲಿ ಪುಣೆಯ ಸಸಿತೋಟಗಳಿಗೆ ಹೋದವರು ಅಜೇಲಿಯಾ ಗಿಡದ ಮುಂದೆ ಒಂದು ಗಳಿಗೆ ನಿಲ್ಲದೆ ಬರಲಾರರು. ಎಲೆಯೇ ಕಾಣದಂತೆ ಹೂ ತುಂಬಿದ ಕುಂಡವನ್ನು ಜನವರಿಯಲ್ಲಿ ಮನೆಗೆ ತರುವುದು, ಮೇ ತಿಂಗಳಲ್ಲಿ ಒಣಕಡ್ಡಿಯನ್ನು ಕಿತ್ತೆಸೆಯುವುದು, ಇದು ನಮ್ಮವರ ಅನೇಕ ಮನೆಗಳಲ್ಲಿ ವರ್ಷಂಪ್ರತಿ ನಡೆಯುವ ಸಂಗತಿ. ನಾವೂ ಅದಕ್ಕೆ ಹೊರತಾಗಿರಲಿಲ್ಲ.

ಧಾರವಾಡದ ಹಿತ್ತಿಲನ್ನು ಬಿಟ್ಟು ನಮ್ಮೊಡನಿರಲು ಬಂದ ತಾಯಿಯವರಿಗೆ ಹೊತ್ತು ಹೋಗಲೆಂದು ನಾವು ಮೊದಲ ಗಿಡವನ್ನು ತಂದೆವು. ಏಪ್ರಿಲ್ ಕೊನೆಗೆ ಒಂದು ಮಧ್ಯಾಹ್ನ ಎಲೆಗಳು ಜೋತುಬಿದ್ದವು. ಬಾಯಾರಿರಬೇಕೆಂದು ನೀರು ಹಾಕಿದೆವು. ಮರುದಿನವೂ ಜೋತವು, ಮತ್ತೆ ಹಾಕಿದೆವು. ಕಡೆಗೆ ದಿನಕ್ಕೆ ಮೂರು ಹೊತ್ತು ನೀರಾಯಿತು. ಆಗ ತಾಯಿಯವರು ಕುಂಡದ ಪಕ್ಕಕ್ಕೆ ಅಂಗೈ ಹಚ್ಚಿ, “ಕುಂಡ ಹಂಚಿನ್ಹಂಗ ಕಾದದಲ್ಲೋ! ಒಳಗ ಬೇರು ಬೇಯೂದಿಲ್ಲೇನು?” ಎಂದರು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವಾರಗಳಲ್ಲಿ ಗಿಡ ಸತ್ತಿತು. ಕುಂಡವನ್ನು ಬೋರಲು ಹಾಕಿ ನೋಡಿದರೆ ಮಣ್ಣು ಕೆಸರಾಗಿತ್ತು, ಬೇರು ಕಪ್ಪಾಗಿ ಕೊಳೆತಿತ್ತು. ಬಿಸಿಲಿಗಿಂತ ಹೆಚ್ಚಾಗಿ ನಮ್ಮ ಅಕ್ಕರೆಯೇ ಅದನ್ನು ಕೊಂದಿತ್ತು.

ಈ ಗಿಡದ ಕುಲವನ್ನು ತಿಳಿದರೆ ಅದರ ಸ್ವಭಾವ ತಿಳಿಯುತ್ತದೆ. 1753ರಲ್ಲಿ ಲಿನೇಯಸ್ ಪಂಡಿತನು ಅಜೇಲಿಯಾವನ್ನು ಬೇರೊಂದು ಕುಲವೆಂದು ಬರೆದಿದ್ದರೂ, ಈಗಿನ ಸಸ್ಯಶಾಸ್ತ್ರಜ್ಞರು ಅದನ್ನು ರೋಡೋಡೆಂಡ್ರನ್ ಕುಲದಲ್ಲಿಯೇ ಸೇರಿಸುತ್ತಾರೆ. ಉತ್ತರಾಖಂಡದ ರಾಜ್ಯವೃಕ್ಷವಾದ ಬುರಾಂಶ್ ಈ ಮನೆತನದ್ದೇ. ಊಟಿಯ ಕಡೆ, 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಸುತ್ತಿನಲ್ಲಿ ಕೆಂಪು ಹೂ ಬಿಡುವ ಮರವೂ ಇದರ ದಾಯಾದಿಯೇ. ಅಲ್ಲಿ ಮಂಜು, ತಂಪು, ಹುಳಿ ಮಣ್ಣು. ಉದುರಿದ ಎಲೆಗಳು ನೆಲಕ್ಕೆ ಹೊದಿಕೆ. ಇವುಗಳ ಬೇರು ಕೂದಲಿನಷ್ಟು ನವಿರು. ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲಿಯೇ ಹರಡಿಕೊಳ್ಳುತ್ತದೆ. ಆದುದರಿಂದ ಬೇಸಿಗೆಯಲ್ಲಿ ನಾವು ಕಾಯಬೇಕಾದದ್ದು ಎಲೆಗಿಂತ ಮೊದಲು ಬೇರನ್ನು.

ಬಿಸಿಯಾದ ಬೇರು ಮಣ್ಣಿನಲ್ಲಿ ನೀರಿದ್ದರೂ ಎಲೆಗೆ ಬೇಕಾದಷ್ಟನ್ನು ಸೇದಲಾರದು, ಎಲೆ ಜೋಲುತ್ತದೆ. ನಾವು ಇನ್ನಷ್ಟು ನೀರು ಸುರಿದರೆ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ಮತ್ತೂ ಸೇದಲಾರದು. ಎಲೆ ಜೋತಾಗ ಮೊದಲು ಮಣ್ಣಿನಲ್ಲಿ ಒಂದು ಅಂಗುಲದಷ್ಟು ಬೆರಳೂರಿ ನೋಡಬೇಕು. ಒಣಗಿದ್ದರೆ ನೀರು, ಹಸಿಯಾಗಿದ್ದರೆ ಕುಂಡವನ್ನು ನೆರಳಿಗೆ ಸರಿಸಿ ಸಂಜೆಯವರೆಗೆ ಕಾಯುವುದು. ಬೇಗೆಗಷ್ಟೇ ಬಾಡಿದ ಗಿಡ ಸಂಜೆಯ ತಂಪಿಗೆ ತಾನೇ ಚೇತರಿಸಿಕೊಳ್ಳುತ್ತದೆ.

ಎರಡನೆಯ ಗಿಡ ತಂದಾಗ ನಾವು ತಾಯಿಯವರ ಮಾತಿನಿಂದಲೇ ಪ್ರಾರಂಭಿಸಿದೆವು. ಪಶ್ಚಿಮದ ಬಾಲ್ಕನಿಯಿಂದ ಕುಂಡವನ್ನು ಪೂರ್ವದ ಕಿಟಕಿಗೆ ತಂದೆವು; ಎಳೆಬಿಸಿಲು ಬೀಳಲಿ, ಮಧ್ಯಾಹ್ನದ ಬಿಸಿಲು ಬೇಡ. ಆ ಕುಂಡವನ್ನು ಇನ್ನೊಂದು ದೊಡ್ಡ ಮಣ್ಣಿನ ಕುಂಡದೊಳಗಿಟ್ಟು, ನಡುವಿನ ಸಂದಿಗೆ ತೆಂಗಿನ ನಾರನ್ನು ತುಂಬಿ ತೇವವಾಗಿಟ್ಟೆವು. ಎರಡು ಕುಂಡಗಳ ತಳದಲ್ಲಿಯೂ ನೀರು ಹೋಗುವ ತೂತು ಇರಲೇಬೇಕು. ಮೇಲ್ಮಣ್ಣಿಗೆ ಎರಡು ಅಂಗುಲ ದಪ್ಪಕ್ಕೆ ಒಣ ಎಲೆ ಹೊದಿಸಿದೆವು. ಬುಡದ ಸುತ್ತ ಮಾತ್ರ ಸ್ವಲ್ಪ ಬಯಲು ಬಿಟ್ಟೆವು. ನೀರು ಬೆಳಗಿನ ತಂಪಿನಲ್ಲಿ, ತಳದಿಂದ ಹರಿದು ಹೋಗುವಷ್ಟು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಗೊಡಬಾರದು.

ಮಣ್ಣಿನ ವಿಷಯವನ್ನೂ ಹೇಳಬೇಕು. ಈ ಭಾಗದ ಎರೆಮಣ್ಣು ಅಂಟು, ಅದರಲ್ಲಿ ಸುಣ್ಣದ ಅಂಶವೂ ಹೆಚ್ಚು. ಅಜೇಲಿಯಾಕ್ಕೆ ಅದು ಸಲ್ಲದು. ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ಸ್ವಲ್ಪ ಕೆಮ್ಮಣ್ಣು ಸೇರಿದ ಹಗುರ ಮಣ್ಣು ಒಳ್ಳೆಯದು. ಬೇಸಿಗೆಯಲ್ಲಿ ಟ್ಯಾಂಕರಿನಿಂದಲೋ ಕೊಳವೆಬಾವಿಯಿಂದಲೋ ಬರುವ ಗಡಸು ನೀರನ್ನು ದಿನವೂ ಹಾಕಿದರೆ ಮಣ್ಣಿನ ಹುಳಿ ಹೋಗಿ, ಗಿಡಕ್ಕೆ ಕಬ್ಬಿಣದ ಅಂಶ ದೊರೆಯದೆ, ನರಗಳಷ್ಟೇ ಹಸಿರಾಗುಳಿದು ಎಳೆಯ ಎಲೆ ಹಳದಿಯಾಗುತ್ತದೆ. ಶೇಖರಿಸಿದ ಮಳೆನೀರು ಉತ್ತಮ. ಅದಿಲ್ಲದಿದ್ದರೆ ಏರ್‌ಕಂಡೀಷನರಿನಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡಬಹುದು. ಆರ್.ಓ. ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು, ಅದು ಬೇಡ. ಒಲೆಯ ಬೂದಿ, ಮೊಟ್ಟೆಯ ಚಿಪ್ಪು ಮೊದಲಾದವು ಬೇರೆ ಗಿಡಗಳಿಗೆ ಹಿತವಾಗಬಹುದು, ಇದಕ್ಕೆ ಆಗವು.

ಸುಡುಬಿಸಿಲಿನಲ್ಲಿ ಗೊಬ್ಬರ ಕೊಡಕೂಡದು, ಬುಡ ಕೆದಕಕೂಡದು. ಕೊಂಬೆ ಕತ್ತರಿಸುವುದಿದ್ದರೆ ಹೂ ಉದುರಿದ ಕೂಡಲೇ ಮುಗಿಸಬೇಕು. ಬರುವ ಚಳಿಗಾಲದ ಮೊಗ್ಗಿಗೆ ಬೇಸಿಗೆ, ಮಳೆಗಾಲಗಳಲ್ಲಿಯೇ ಅಂಕುರ. ತಡವಾಗಿ ಕತ್ತರಿಸಿದರೆ ಹೂವನ್ನೇ ಕತ್ತರಿಸಿದಂತೆ. ಇನ್ನೊಂದು ಎಚ್ಚರಿಕೆ: ಅಜೇಲಿಯಾದ ಎಲೆ, ಹೂಗಳಲ್ಲಿ ವಿಷವುಂಟು, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು. ಹಿಮಾಲಯದ ಪ್ರವಾಸಕ್ಕೆ ಹೋದವರು ಬುರಾಂಶ್ ಸಸಿಯನ್ನು ಕಿತ್ತು ತರುವ ಆಸೆಯನ್ನೂ ಬಿಡಬೇಕು. ಅದು ಬೆಟ್ಟದ ಮರ. ಬಯಲಿನ ಬೇಗೆಯಲ್ಲಿ ಬಾಳದು.

ನಮ್ಮ ಎರಡನೆಯ ಗಿಡ ಮೂರು ಬೇಸಿಗೆಗಳನ್ನು ದಾಟಿದೆ. ಸಸಿತೋಟದಲ್ಲಿ ಕಂಡಷ್ಟು ಹೂ ಅದು ಮತ್ತೆ ಬಿಟ್ಟಿಲ್ಲ; ಕಳೆದ ಚಳಿಗಾಲದಲ್ಲಿ ಹದಿನೇಳು ಬಿಟ್ಟಿತು. ಎಣಿಸಿದವರು ತಾಯಿಯವರು. ಈಗಲೂ ಮಧ್ಯಾಹ್ನದ ನಿದ್ದೆಯಿಂದೆದ್ದವರು ಮೊದಲು ಹೋಗಿ ಕುಂಡದ ಪಕ್ಕಕ್ಕೆ ಅಂಗೈ ಹಚ್ಚಿ ನೋಡುತ್ತಾರೆ. ಅವರು ಏನಾದರೂ ಹೇಳಿದರೆ ನಾವು ಈಗ ಕೇಳುತ್ತೇವೆ.