ತಲೆಸುತ್ತಿಗೆ ಸಾಕ್ಷಿ ಕೇಳಬೇಡಿ

2025ರ ಜುಲೈ ಮೊದಲ ವಾರ ಹಾಸನದ ಹೆಸರು ದೇಶದ ಟಿ.ವಿ.ಗಳಲ್ಲೆಲ್ಲ ಓಡುತ್ತಿದ್ದಾಗ ನಾನು ಊರಿನಲ್ಲೇ ಇದ್ದೆ. ಒಂದೇ ತಿಂಗಳಲ್ಲಿ ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ. ಅದರ ಬೆನ್ನಿಗೇ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹೇಳಿಕೆ: ಅವಸರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ ಕೋವಿಡ್ ಲಸಿಕೆಯೂ ಕಾರಣವಾಗಿರಬಹುದು ಎಂದು. ಮರುದಿನ ಕೇಂದ್ರ ಆರೋಗ್ಯ ಸಚಿವಾಲಯದ ಉತ್ತರ: ಹಾಗೇನೂ ಇಲ್ಲ, ಅಧ್ಯಯನಗಳು ಹೇಳಿವೆ ಎಂದು. ನಮ್ಮ ಜಗಲಿಯ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ ಪಕ್ಕದ ಮನೆಯವರು ನನ್ನ ಅಕ್ಕನ ಕಡೆ ತಿರುಗಿ, "ನೋಡವ್ವ, ನಿಂಗೂ ಅದೇ ಆಗಿರಾದು" ಎಂದರು. ಅಕ್ಕ ಮಾತಾಡಲಿಲ್ಲ. ಎದ್ದು ಒಳಗೆ ಹೋಗುವ ಮುಂಚೆ, ನಾಲ್ಕು ವರ್ಷದಿಂದ ಮಾಡುತ್ತಿರುವ ಹಾಗೆ, ಕಂಬ ಹಿಡಿದು ಒಂದು ಗಳಿಗೆ ನಿಂತಳು.

ಅಕ್ಕ ಆಶಾ ಕಾರ್ಯಕರ್ತೆ. 2021ರ ಆರಂಭದಲ್ಲೇ, ಊರಿನವರು ಸೂಜಿಗೆ ಹೆದರಿ ಹೊಲಕ್ಕೆ ಹೋಗಿ ಕೂರುತ್ತಿದ್ದ ಕಾಲದಲ್ಲಿ, ಮೊದಲು ತೋಳು ಒಡ್ಡಿದವಳು. "ನಾನೇ ಹಾಕಿಸ್ಕೊಂಡಿವ್ನಿ, ನಂಗೇನಾಗದೆ ನೋಡಿ" ಎಂದು ಮನೆಮನೆಗೆ ಹೋಗಿ ಹೇಳಿದವಳು. ಎರಡನೇ ಡೋಸ್ ಆದ ವಾರದೊಳಗೆ ಅವಳಿಗೆ ತಲೆ ಧಿಮ್ ಎನ್ನಲು ಶುರುವಾಯಿತು. ಬೆಳಿಗ್ಗೆ ಎದ್ದರೆ ಕಣ್ಣು ಕತ್ತಲೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಹತ್ತು ಹೆಜ್ಜೆ ಇಟ್ಟರೆ ಎದೆ ಡವಡವ. ಮೇ ತಿಂಗಳಲ್ಲಿ ಎರಡನೇ ಅಲೆ ಊರಿಗೆ ಬಂದಾಗ ಮೂರು ದಿನ ಜ್ವರವೂ ಬಂತು. ಪರೀಕ್ಷೆ ಮಾಡಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಜ್ವರ ಹೋಯಿತು, ತಲೆಸುತ್ತು ಉಳಿಯಿತು.

ಅಲ್ಲಿಂದ ಮುಂದಿನದು ಅಲೆದಾಟ. ಬಿ.ಪಿ., ಶುಗರ್, ರಕ್ತ, ಥೈರಾಯ್ಡ್, ಇ.ಸಿ.ಜಿ., ಕೊನೆಗೆ ಸಾಲ ಮಾಡಿ ತಲೆಯ ಸ್ಕ್ಯಾನ್. ಎಲ್ಲ ನಾರ್ಮಲ್. ಒಬ್ಬರು ಪಿತ್ತ ಎಂದರು, ಒಬ್ಬರು ಗ್ಯಾಸ್ಟ್ರಿಕ್ ಎಂದರು, ಇನ್ನೊಬ್ಬರು "ಮನಸ್ಸಿಗೆ ಹಚ್ಕೊಂಡಿದ್ದೀಯಮ್ಮ, ಲಸಿಕೆ ಲಸಿಕೆ ಅಂತ ಎಲ್ಲಾರ ಮುಂದೆ ಹೇಳ್ಬೇಡ, ಜನ ಹೆದರ್ತಾರೆ" ಎಂದರು. ಆ ಕೊನೆಯ ಮಾತನ್ನು ಅಕ್ಕ ನಾಲ್ಕು ವರ್ಷ ಪಾಲಿಸಿದಳು. ಜನ ಹೆದರಬಾರದೆಂದು ತನ್ನ ಕಾಯಿಲೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ನನಗೆ ಸಿಟ್ಟು ಬರುವುದು ಇಲ್ಲಿ.

ಲಸಿಕೆಯ ನಂತರ ಬಂದದ್ದೆಲ್ಲ ಲಸಿಕೆಯಿಂದ ಬಂದದ್ದಲ್ಲ ಎಂಬುದು ನನಗೆ ಗೊತ್ತಿದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು. 220 ಕೋಟಿಗೂ ಹೆಚ್ಚು ಡೋಸ್ ಹಾಕಿದ ದೇಶದಲ್ಲಿ ಮರುವಾರವೇ ಕಾಯಿಲೆ ಬಿದ್ದವರು ಲಕ್ಷಗಟ್ಟಲೆ ಇರಲೇಬೇಕು, ಲಸಿಕೆ ಇಲ್ಲದಿದ್ದರೂ ಅವರಲ್ಲಿ ಬಹುಪಾಲು ಜನ ಕಾಯಿಲೆ ಬೀಳುತ್ತಿದ್ದರು. ಆದರೆ ಕಾಗೆಯದೋ ಗಾಳಿಯದೋ ಎಂದು ತೀರ್ಮಾನ ಆಗುವವರೆಗೆ ಮುರಿದ ಕೊಂಬೆಯಡಿ ಸಿಕ್ಕಿಕೊಂಡವರನ್ನು ಹಾಗೇ ಬಿಡುವುದು ಯಾವ ನ್ಯಾಯ?

ಹಾಸನದ ಗದ್ದಲ ಮಾಡಿದ್ದು ಅದನ್ನೇ. ಮುಖ್ಯಮಂತ್ರಿಗಳ ಮಾತು ತಪ್ಪು ಎಂದು ನಾನು ನೇರವಾಗಿ ಹೇಳುತ್ತೇನೆ. ಜಯದೇವ ಹೃದ್ರೋಗ ಆಸ್ಪತ್ರೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಮ್ಮದೇ ಸರ್ಕಾರ ನೇಮಿಸಿದ್ದ ಸಮಿತಿಯ ವರದಿ ಕೈಸೇರುವ ಮುಂಚೆಯೇ ಅವರು ಆ ಮಾತು ಆಡಿದರು. ವರದಿ ಬಂದಾಗ ಲಸಿಕೆಗೂ ಅಕಾಲಿಕ ಹೃದಯ ಕಾಯಿಲೆಗೂ ಸಂಬಂಧ ಕಾಣಲಿಲ್ಲ ಎಂದಿತು. 2023ರಲ್ಲಿ ಐಸಿಎಂಆರ್ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ನಡೆಸಿದ ಅಧ್ಯಯನವೂ ಅದನ್ನೇ ಹೇಳಿತ್ತು: ಲಸಿಕೆಯಿಂದ ಅಪಾಯ ಹೆಚ್ಚಿಲ್ಲ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಿಗೆ, ಮನೆತನದಲ್ಲಿ ಹಠಾತ್ ಸಾವು ಕಂಡವರಿಗೆ, ಮಿತಿಮೀರಿ ಕುಡಿದವರಿಗೆ ಹೆಚ್ಚು. ಅಷ್ಟರಲ್ಲಿ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತಿತ್ತು. ಎದೆಯಲ್ಲಿ ಚುಳ್ ಎಂದವರೆಲ್ಲ ಸಾವಿನ ಭಯ ಹೊತ್ತು ಬಸ್ಸು ಹತ್ತಿದ್ದರು.

ಆದರೆ ದೆಹಲಿಯ ಉತ್ತರವೂ ನನಗೆ ಸಾಲದು. ಹಠಾತ್ ಸಾವಿನ ಅಧ್ಯಯನ ಹಠಾತ್ ಸಾವಿನ ಬಗ್ಗೆ ಮಾತ್ರ ಹೇಳುತ್ತದೆ. ಸಾಯದೆ, ಆಸ್ಪತ್ರೆಗೂ ದಾಖಲಾಗದೆ, ವರ್ಷಗಟ್ಟಲೆ ಕಂಬ ಹಿಡಿದು ನಿಲ್ಲುವವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಲಸಿಕೆಯ ನಂತರದ ತೊಂದರೆಗಳನ್ನು ದಾಖಲಿಸಲು ನಮ್ಮಲ್ಲಿ ವ್ಯವಸ್ಥೆ ಇದೆ, ಜಿಲ್ಲಾ ಸಮಿತಿಯಿಂದ ರಾಷ್ಟ್ರೀಯ ಸಮಿತಿಯವರೆಗೆ. ಸಾವು, ಆಸ್ಪತ್ರೆವಾಸದ ಜೊತೆಗೆ ದೀರ್ಘಕಾಲದ ಅಂಗವೈಕಲ್ಯವೂ 'ಗಂಭೀರ' ಎಂಬ ಪಟ್ಟಿಗೆ ಸೇರುತ್ತದೆ ಎಂದು ನಿಯಮದಲ್ಲೇ ಇದೆ. ಆದರೆ ಜ್ವರ, ಕೈನೋವಿನ ಜೊತೆ ತಲೆಸುತ್ತು ಕೂಡ 'ಸಣ್ಣಪುಟ್ಟ'ದ ಕಾಲಂಗೆ ಬಿದ್ದರೆ, ಅದು ಮೂರು ದಿನ ಇತ್ತೋ ಮೂರು ವರ್ಷ ಇತ್ತೋ ಎಂದು ಮತ್ತೆ ಬಂದು ಕೇಳುವವರಿಲ್ಲ.

ಇದನ್ನು ಸರಿಪಡಿಸಿ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದೇ ಹೇಳಿದೆ. ಡಾ. ಜೇಕಬ್ ಪುಲಿಯೆಲ್ ಅವರ ಅರ್ಜಿಯ ಮೇಲಿನ ಆ ತೀರ್ಪನ್ನು ಲಸಿಕೆ ಹಾಕಿಸಿಕೊಳ್ಳಲು ಯಾರನ್ನೂ ಬಲವಂತ ಮಾಡುವಂತಿಲ್ಲ ಎಂಬ ಒಂದು ಸಾಲಿಗಾಗಿ ಎಲ್ಲರೂ ನೆನೆಯುತ್ತಾರೆ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ಜನರೂ ಖಾಸಗಿ ವೈದ್ಯರೂ ಅಡ್ಡಪರಿಣಾಮಗಳನ್ನು ತಾವೇ ವರದಿ ಮಾಡುವಂಥ, ಎಲ್ಲರಿಗೂ ಸಿಗುವ ವ್ಯವಸ್ಥೆ ಬೇಕು, ವೈಯಕ್ತಿಕ ವಿವರ ಬಿಟ್ಟುಕೊಡದೆ ಆ ವರದಿಗಳನ್ನು ಸಾರ್ವಜನಿಕರ ಮುಂದಿಡಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಹತ್ತಾರು ಭಿತ್ತಿಪತ್ರ ಇವೆ. ಈ ವಿಷಯದ್ದು ಒಂದೂ ಕಾಣಲಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ, ಲಸಿಕೆಯ ನಂತರ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ಅರ್ಜಿಗೆ ಕೇಂದ್ರ ಸರ್ಕಾರ ಸಲ್ಲಿಸಿದ ಪ್ರಮಾಣಪತ್ರದ ಸಾರ ಇಷ್ಟು: ಲಸಿಕೆ ಸ್ವಯಂಪ್ರೇರಿತ, ಸರ್ಕಾರ ಹೊಣೆಯಲ್ಲ, ಪರಿಹಾರ ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಬಹುದು. ಸ್ವಯಂಪ್ರೇರಿತ! ನಮ್ಮ ರಾಜ್ಯದಲ್ಲೇ 2021ರ ಡಿಸೆಂಬರ್‌ನಲ್ಲಿ ಎರಡು ಡೋಸ್ ಆಗದವರಿಗೆ ಮಾಲ್, ಸಿನಿಮಾ ಮಂದಿರ ಬಂದ್ ಆಗಿತ್ತು; ಮಕ್ಕಳು ಶಾಲೆಗೆ ಬರಬೇಕಾದರೆ ತಂದೆತಾಯಿಗೆ ಎರಡೂ ಡೋಸ್ ಆಗಿರಬೇಕಿತ್ತು. ಗೌರವಧನದ ಮೇಲೆ ಬದುಕುವ ಆಶಾ ಕಾರ್ಯಕರ್ತೆ, ಊರಿಗೆಲ್ಲ ಲಸಿಕೆ ಹಾಕಿಸಬೇಕಾದವಳು, ತಾನು ಮಾತ್ರ ಬೇಡ ಎನ್ನಲು ಆಗುತ್ತಿತ್ತೇ? ಎಲ್ಲರ ಒಳಿತಿಗಾಗಿ ತೋಳು ಒಡ್ಡು ಎಂದು ಕರೆದವರು, ತೊಂದರೆಯಾದಾಗ ನಿನ್ನ ಇಷ್ಟದಿಂದ ಬಂದೆ ಎನ್ನುವುದು ಮಾತಿಗೆ ತಪ್ಪಿದಂತೆ. ಇನ್ನು ಸಿವಿಲ್ ಕೋರ್ಟ್: ನಿಂತರೆ ಕಣ್ಣು ಕತ್ತಲಾಗುವ ಹೆಂಗಸು ಔಷಧ ಕಂಪನಿಯ ಎದುರು ತಜ್ಞಸಾಕ್ಷಿ ತಂದು ನಿಲ್ಲಿಸಬೇಕು ಎನ್ನುವುದು ಪರಿಹಾರದ ದಾರಿ ಅಲ್ಲ, ಬಾಗಿಲು ಹಾಕುವ ರೀತಿ.

ಬೇರೆ ದೇಶಗಳು ಬೇರೆ ದಾರಿ ಹುಡುಕಿವೆ. ಬ್ರಿಟನ್ 1979ರಲ್ಲೇ ಲಸಿಕೆ ಹಾನಿಗೆ ಹಣ ಕೊಡುವ ಕಾನೂನು ಮಾಡಿತು, ಈಗ ಅದು 1,20,000 ಪೌಂಡ್. (ಶೇ 60ರಷ್ಟು ವೈಕಲ್ಯ ಇದ್ದರೆ ಮಾತ್ರ ಎಂಬ ಅದರ ಷರತ್ತು ಕ್ರೂರವೆಂದು ಅಲ್ಲೂ ಜಗಳ ನಡೆಯುತ್ತಿದೆ, ಆ ಷರತ್ತನ್ನು ನಾವು ನಕಲು ಮಾಡಬೇಕಿಲ್ಲ.) ಅಮೆರಿಕ 1986ರ ಕಾನೂನಿನಂತೆ ಮಕ್ಕಳ ಲಸಿಕೆಯ ಪ್ರತಿ ಡೋಸಿನ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟ್ ತೆರಿಗೆ ಎತ್ತಿ ನಿಧಿ ಕಟ್ಟಿದೆ. ಕಂಪನಿಯ ತಪ್ಪು ಸಾಬೀತು ಮಾಡಬೇಕಾದ ಹೊರೆ ನೊಂದವರ ಮೇಲಿಲ್ಲ. ನಾವು ಡೋಸಿಗೆ ಒಂದೇ ಒಂದು ರೂಪಾಯಿ ಎತ್ತಿಟ್ಟಿದ್ದರೂ 220 ಕೋಟಿ ರೂಪಾಯಿ ಇರುತ್ತಿತ್ತು.

ಇದನ್ನೆಲ್ಲ ಹೇಳಿದಾಗ ಬರುವ ಆಕ್ಷೇಪ ಒಂದೇ, ಮತ್ತು ಅದು ಹಗುರವಾದುದಲ್ಲ: ಅಡ್ಡಪರಿಣಾಮದ ಮಾತು ಎತ್ತಿದರೆ ಜನ ಲಸಿಕೆಯಿಂದ ದೂರ ಸರಿಯುತ್ತಾರೆ, ಮಕ್ಕಳು ಸಾಯುತ್ತಾರೆ. ಇದಕ್ಕೆ ಜಪಾನಿನ ಕತೆ ನೋಡಬೇಕು. ಗರ್ಭಕಂಠ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿಕೊಂಡ ಕೆಲವು ಹುಡುಗಿಯರಿಗೆ ಮೈಕೈನೋವು, ತಲೆಸುತ್ತು, ನಡೆಯಲಾಗದ ಸ್ಥಿತಿ ಬಂತೆಂದು ಸುದ್ದಿಯಾಗಿ, 2013ರ ಜೂನ್‌ನಲ್ಲಿ ಸರ್ಕಾರ ಲಸಿಕೆಯ ಶಿಫಾರಸನ್ನೇ ನಿಲ್ಲಿಸಿತು. ಶೇ 70ರ ಆಸುಪಾಸಿನಲ್ಲಿದ್ದ ಲಸಿಕೆ ಪ್ರಮಾಣ ಶೇ 1ಕ್ಕಿಂತ ಕೆಳಗೆ ಬಿತ್ತು. ನಗೋಯ ನಗರದಲ್ಲಿ ಸುಮಾರು 30,000 ಯುವತಿಯರನ್ನು ಹೋಲಿಸಿ ನೋಡಿದಾಗ ಲಸಿಕೆ ಪಡೆದವರಿಗೂ ಪಡೆಯದವರಿಗೂ ಆ ಲಕ್ಷಣಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೂ ಶಿಫಾರಸು ಮರಳಲು 2022ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಆ ಒಂಬತ್ತು ವರ್ಷಗಳಲ್ಲಿ ತಪ್ಪಿಹೋದ ಹುಡುಗಿಯರಲ್ಲಿ ಕೆಲವರು ಕ್ಯಾನ್ಸರಿಗೆ ಬಲಿಯಾಗುತ್ತಾರೆ. ಹೌದು, ಭಯ ಕೊಲ್ಲುತ್ತದೆ.

ಆದರೆ ಜಪಾನ್ ಇನ್ನೊಂದು ಕೆಲಸವನ್ನೂ ಮಾಡಿತು. ಲಸಿಕೆಯ ನಂತರ ಲಕ್ಷಣ ಕಾಣಿಸಿಕೊಂಡವರನ್ನು ನೋಡುವುದಕ್ಕೆಂದೇ ಪ್ರತಿ ಪ್ರಾಂತ್ಯದಲ್ಲೂ ಆಸ್ಪತ್ರೆಗಳನ್ನು ಗೊತ್ತುಮಾಡಿತು. ಕಾರಣ ಏನೇ ಇರಲಿ, ನೋವು ನಿಜ, ಬನ್ನಿ ಎಂದಿತು. ಅಡ್ಡಪರಿಣಾಮದ ದೂರು ಬಂದ ದಿನವೇ ಇಂಥ ಬಾಗಿಲು ತೆರೆದಿದ್ದರೆ ಭಯ ಅಷ್ಟು ದೂರ ಹಬ್ಬುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಈ ಪ್ರಶ್ನೆ ನಮ್ಮ ಮುಂದೆಯೂ ಇದೆ: 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಇದೇ ಲಸಿಕೆಯನ್ನು ಉತ್ತೇಜಿಸುವುದಾಗಿ 2024ರ ಮಧ್ಯಂತರ ಬಜೆಟ್ ಹೇಳಿತ್ತು. ನನ್ನ ಮಗಳಿಗೆ ನಾನು ಖಂಡಿತ ಹಾಕಿಸುತ್ತೇನೆ. ಹಾಕಿಸಿದ ಮೇಲೆ ಒಂದು ಹುಡುಗಿ ತಲೆ ತಿರುಗಿ ಬಿದ್ದರೆ ಶಾಲೆಯಲ್ಲಿ, ಊರಿನಲ್ಲಿ ಏನು ಹೇಳುತ್ತೇವೆ? ನಾಟಕ ಎನ್ನುತ್ತೇವೆಯೇ?

ಸೂಜಿಯ ಆತಂಕದಿಂದಲೂ ದೇಹ ಕುಸಿಯಬಹುದು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿ, ಅದಕ್ಕೆ ಬೇರೆಯದೇ ಮಾರ್ಗಸೂಚಿ ಮಾಡಿದೆ. ಅದರ ಅರ್ಥ ರೋಗಿ ಸುಳ್ಳು ಹೇಳುತ್ತಿದ್ದಾಳೆ ಎಂದಲ್ಲ. ಒಳಕಿವಿಯ ಹರಳುಗಳು ಜಾರಿದರೆ ತಲೆ ಗಿರಗಿರ ಎನ್ನುತ್ತದೆ, ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಕೆಲವೇ ನಿಮಿಷದಲ್ಲಿ ಸರಿಮಾಡಬಲ್ಲರು. ತಿಂಗಳುಗಟ್ಟಲೆ ಉಳಿಯುವ ತೇಲಾಟದಂಥ ತಲೆಸುತ್ತಿಗೆ ಸಮತೋಲನದ ವ್ಯಾಯಾಮಗಳಿವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಲಸಿಕೆಯ ನಂತರ ಸುಸ್ತು, ತಲೆಸುತ್ತು, ಮಂಕು ಕವಿಯುವಿಕೆ ಉಳಿದುಕೊಂಡ 42 ಜನರ ರಕ್ತ ಪರೀಕ್ಷಿಸಿ 2025ರ ಫೆಬ್ರುವರಿಯಲ್ಲಿ ಒಂದು ಪ್ರಾಥಮಿಕ ವರದಿ ಹೊರತಂದರು. ಅದು ತೀರಾ ಚಿಕ್ಕ ಅಧ್ಯಯನ, ಯಾವುದನ್ನೂ ಸಾಬೀತು ಮಾಡುವುದಿಲ್ಲ. ಆದರೆ ಲಸಿಕೆಯ ಪರವಾಗಿರುವ ವಿಜ್ಞಾನಿಗಳೇ ಈ ಜನರನ್ನು ಕೂರಿಸಿ ಕೇಳಿದರು ಎಂಬುದು ನನಗೆ ದೊಡ್ಡದು.

ಅಕ್ಕನನ್ನು ಕೇಳಿದ್ದು ಒಬ್ಬ ಚಿಕ್ಕ ವಯಸ್ಸಿನ ವೈದ್ಯೆ, ಹೋದ ವರ್ಷ. ಯಂತ್ರ ಯಾವುದೂ ಬೇಕಾಗಲಿಲ್ಲ. ಹತ್ತು ನಿಮಿಷ ಮಲಗಿಸಿ ನಾಡಿ ಹಿಡಿದರು, ಎಬ್ಬಿಸಿ ನಿಲ್ಲಿಸಿ ಮತ್ತೆ ಹತ್ತು ನಿಮಿಷ ನಿಮಿಷನಿಮಿಷಕ್ಕೂ ಎಣಿಸಿದರು. ಮಲಗಿದಾಗ 74 ಇದ್ದದ್ದು ನಿಂತಾಗ 116ಕ್ಕೆ ಏರಿತು, ಬಿ.ಪಿ. ಇಳಿಯಲಿಲ್ಲ. ನಿಂತಾಗ ಕಾಲಿಗೆ ಇಳಿಯುವ ರಕ್ತವನ್ನು ಮೇಲೆತ್ತಬೇಕಾದ ನರಗಳ ಹಿಡಿತ ಸಡಿಲವಾಗಿ, ಹೃದಯ ಓಡಿ ಓಡಿ ಸರಿದೂಗಿಸುತ್ತದೆ. 30ಕ್ಕಿಂತ ಹೆಚ್ಚು ಬಡಿತ ಏರಿದರೆ ಇದನ್ನು ಅನುಮಾನಿಸಬೇಕು, ಪಾಟ್ಸ್ ಎನ್ನುತ್ತಾರೆ ಎಂದು ವಿವರಿಸಿದರು. "ಲಸಿಕೆಯಿಂದಾನೇ ಬಂತಾ ಡಾಕ್ಟ್ರೇ?" ಎಂದು ಅಕ್ಕ ಕೇಳಿದಳು. "ಗೊತ್ತಿಲ್ಲಮ್ಮ. ಆಮೇಲೆ ಜ್ವರ ಬೇರೆ ಬಂದಿತ್ತಲ್ಲ, ಕೋವಿಡ್ ಆದವ್ರಲ್ಲಿ ಇದು ಇನ್ನೂ ಜಾಸ್ತಿ. ಯಾವುದ್ರಿಂದ ಬಂದಿದ್ರೂ ಮಾಡೋದು ಒಂದೇ." ಲಾಸ್ ಏಂಜಲಿಸ್‌ನಲ್ಲಿ ಸುಮಾರು 2,85,000 ಲಸಿಕೆ ಪಡೆದವರನ್ನು ನೋಡಿದ ಅಧ್ಯಯನವೂ ಹೀಗೇ ಹೇಳಿತ್ತು: ಲಸಿಕೆಯ ನಂತರ ಪಾಟ್ಸ್ ಅಲ್ಪ ಹೆಚ್ಚು, ಆದರೆ ಸೋಂಕಿನ ನಂತರದ ಪ್ರಮಾಣ ಅದರ ಐದು ಪಟ್ಟು.

ಮಾಡಬೇಕಾದದ್ದು ಸರಳವಾಗಿತ್ತು. ದಿನಕ್ಕೆ ಎರಡೂವರೆ ಲೀಟರ್ ನೀರು, ಅವಳ ಬಿ.ಪಿ. ನೋಡಿಕೊಂಡು ವೈದ್ಯರು ಹೇಳಿದಷ್ಟು ಹೆಚ್ಚು ಉಪ್ಪು, ಬಿಗಿಯಾದ ಕಾಲುಚೀಲ, ಏಳುವ ಮುಂಚೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರುವುದು, ಮಲಗಿಕೊಂಡೇ ಕಾಲಿನ ವ್ಯಾಯಾಮ, ವಾರವಾರಕ್ಕೆ ಸ್ವಲ್ಪ ಹೆಚ್ಚು. (ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆ ಇರುವವರು ಉಪ್ಪಿನ ಮಾತನ್ನು ದಯವಿಟ್ಟು ಇಲ್ಲಿ ಓದಿ ಪಾಲಿಸಬೇಡಿ.) ಆರು ತಿಂಗಳಲ್ಲಿ ಅಕ್ಕ ಮತ್ತೆ ಅರ್ಧ ಊರು ಸುತ್ತುವಂತಾದಳು. ಈ ಇಪ್ಪತ್ತು ನಿಮಿಷ ನಾಲ್ಕು ವರ್ಷದ ಹಿಂದೆಯೇ ಸಿಕ್ಕಿದ್ದರೆ ಸ್ಕ್ಯಾನಿನ ಸಾಲ ಇರುತ್ತಿರಲಿಲ್ಲ, ಅಕ್ಕ ತನ್ನ ಮೇಲೆ ತಾನೇ ಅನುಮಾನ ಪಡುವ ರಾತ್ರಿಗಳೂ ಇರುತ್ತಿರಲಿಲ್ಲ.

ಹಾಸನದ ಪ್ರಕರಣದ ನಂತರ ರಾಜ್ಯ ಸರ್ಕಾರ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ತೀರ್ಮಾನಿಸಿತು. ಒಳ್ಳೆಯದು. ಸತ್ತವರನ್ನು ಎಣಿಸಲು ಮನಸ್ಸು ಮಾಡಿದ ಸರ್ಕಾರ ಬದುಕಿರುವವರನ್ನೂ ಎಣಿಸಲಿ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಲಸಿಕೆಯ ನಂತರವೋ ಸೋಂಕಿನ ನಂತರವೋ ತೊಂದರೆ ಉಳಿದುಕೊಂಡವರಿಗೆಂದೇ ಹೊರರೋಗಿ ವಿಭಾಗ ತೆರೆಯಲಿ. ಕಾರಣ ಸಾಬೀತು ಮಾಡಿ ಬನ್ನಿ ಎನ್ನದಿರಲಿ. ಪರಿಹಾರದ ಕಾನೂನು ಕೇಂದ್ರದ್ದು, ಅದಕ್ಕಾಗಿ ಸಂಸದರನ್ನು ಕೇಳಬೇಕು. ಹಾಸನದ ಸಾವಿನ ಬಗ್ಗೆ ಅಷ್ಟು ಮಾತಾಡಿದವರಲ್ಲಿ ಒಬ್ಬರಾದರೂ ಸಂಸತ್ತಿನಲ್ಲಿ ಈ ಕಾನೂನಿಗಾಗಿ ಪಟ್ಟುಹಿಡಿದು ನಿಲ್ಲಲಿ.

ಔಷಧ, ಲಸಿಕೆಗಳ ಅಡ್ಡಪರಿಣಾಮ ತಿಳಿಸಲು ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದ ಉಚಿತ ಸಹಾಯವಾಣಿ ಇದೆ, 1800-180-3024. ಜನರೇ ತುಂಬಿಸಬಹುದಾದ ಫಾರಂ ಕೂಡ ಇದೆ. ಕಳೆದ ಭಾನುವಾರ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತುಂಬಿಸಿದೆ. ಶುರುವಾದ ದಿನಾಂಕ, ಲಸಿಕೆಯ ದಿನಾಂಕ, ನಡುವೆ ಬಂದ ಜ್ವರ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆವು. ಈಗ ಹೇಗಿದೆ ಎಂಬಲ್ಲಿ ನಾನು 'ಗುಣವಾಗಿಲ್ಲ' ಎಂದು ಗುರುತು ಹಾಕಲು ಹೋದೆ. "ಬ್ಯಾಡ ಕಣೋ, ಸುಳ್ಳು ಬರೀಬ್ಯಾಡ. ಗುಣ ಆಯ್ತಾ ಅದೆ ಅಂತ ಹಾಕು" ಎಂದಳು ಅಕ್ಕ. ಗುರುವಾರದ ಲಸಿಕೆಗೆ ಬರಬೇಕಾದ ಮಕ್ಕಳ ಪಟ್ಟಿ ಅವಳ ಮಡಿಲಲ್ಲಿತ್ತು.